ಮಗ, ಮಗ್ಗ ಮತ್ತ 46ನೇ ನಂಬರಿನ ಪರೀಕ್ಷಾ: ಬೆಟಗೇರಿ ಅಕ್ಕಾರ ಪ್ರಕರಣ

ಸಪ್ತಾಪುರದಾಗ ನಾ ಪೇಪರ್ ಒಂದು ಹೇಳ್ಕೊಡ್ತೀನಿ, ಅಂದ್ರ ಯುಜಿಸಿ ನೆಟ್ ಪರೀಕ್ಷಾದಾಗ ಯಾವ ಸಬ್ಜೆಕ್ಟಿನವ್ರಿದ್ರೂ ಬರೀಲೇಬೇಕಾದ 50 ಪ್ರಶ್ನೆ, 100 ಮಾರ್ಕ್ಸು. ಧಾರವಾಡದಾಗ ಇರೋರಿಗೆ ಗೊತ್ತದ, ಆ ಏರಿಯಾದಾಗ ಕಲ್ಲು ಒಗದ್ರ ಕೋಚಿಂಗ್ ಕ್ಲಾಸಿನ ಬೋರ್ಡಿಗೇ ಬೀಳ್ತದ, ಬರೋರೂ ಎಲ್ಲಾ 23-24ರ ಹುಡುಗ್ರು, ರೂಮ್ ಮಾಡ್ಕೊಂಡು ಇರೋರು. 2024ರ ಫೆಬ್ರುವರಿದಾಗ ಒಂದು ರವಿವಾರ ಕಡೀ ಬೆಂಚಿನಾಗ ವಾಯರ್ ಬುಟ್ಟಿ ಕಾಲಾಗ ಇಟ್ಕೊಂಡು ಒಬ್ರು ಅಕ್ಕಾರು ಕುಂತಿದ್ರು. ಯಾರದರೆ ತಾಯಿ ಇರಬೇಕು, ಫೀ ಕೇಳಾಕ ಬಂದಾರ ಅನಕೊಂಡೆ. ಕ್ಲಾಸ್ ಮುಗದ ಮ್ಯಾಲ ನಿಮ್ಮ ಸಬ್ಜೆಕ್ಟ್ ಯಾವುದ್ರಿ ಅಂತ ಕೇಳಿದ್ರ "ನಲವತ್ತಾರು ಸರ್" ಅಂದ್ರು. ವಯಸ್ಸೇನು ನಾ ಕೇಳಿದ್ದಿಲ್ಲಲ್ಲ ಅಂತ ಒಂದು ಕ್ಷಣ ಗೊಂದಲ ಆತು.

46 ಅಂದ್ರ ನೆಟ್ಟಿನ ಸಬ್ಜೆಕ್ಟ್ ಕೋಡು. ವಯಸ್ಕರ ಶಿಕ್ಷಣ, ಮುಂದುವರಿಕೆ ಶಿಕ್ಷಣ, ಆಂಡ್ರಗಾಗಿ (ದೊಡ್ಡವ್ರಿಗೆ ಕಲಿಸೋ ಶಾಸ್ತ್ರ), ಅನೌಪಚಾರಿಕ ಶಿಕ್ಷಣ, ನಾಕೂ ಕೂಡಿಸಿ ಒಂದ ಸಬ್ಜೆಕ್ಟು. ಇದನ್ನ ಪಾಸ್ ಮಾಡಿದ್ರ ಕಾಲೇಜು, ಯೂನಿವರ್ಸಿಟಿದಾಗ ಆ ವಿಷಯ ಹೇಳಿಕೊಡಾಕ ಅಸಿಸ್ಟಂಟ್ ಪ್ರೊಫೆಸರ್ ಅರ್ಹತಾ ಸಿಗ್ತದ. ಎಂಟು ವರ್ಷದಾಗ ನನ್ನ ಕಡೆ ಆ ಸಬ್ಜೆಕ್ಟಿನವ್ರು ಒಬ್ರೂ ಬಂದಿದ್ದಿಲ್ಲ, ಖರೇ ಹೇಳಬೇಕಂದ್ರ ಆಂಡ್ರಗಾಗಿ ಅನ್ನೋ ಶಬ್ದದ ಅರ್ಥ ನಾ ಮನಿಗೆ ಹೋಗಿ ಫೋನಿನಾಗ ನೋಡಿದೆ. ಈ ಪ್ರಕರಣ ಬರೀಲಿಕ್ಕೆ ಕಾರಣನೂ ಅದ, ಅವರ ತಯಾರಿದಾಗ ನಾ ಮಾಡಿದ ತಪ್ಪೂ ಅದಾವ, ಅವರು ತಾವ ಕಂಡುಕೊಂಡ ದಾರಿನೂ ಅದ, ಅದನ್ನ ಯಾರರೆ ಒಬ್ರಿಗೆ ಉಪಯೋಗ ಆಗ್ಲಿ.

ಹೆಸರು ಹಾಕಬ್ಯಾಡ್ರಿ ಅಂದಾರ, ಹಿಂಗಾಗಿ ಅಕ್ಕಾರು ಅಂತನ ಕರೀತೀನಿ, ನಾ ಕರಿಯೋದೂ ಹಂಗ. ಊರು ಗದಗಿನ ಬೆಟಗೇರಿ, ಆಗ 39 ವಯಸ್ಸು. ತವರಮನಿದಾಗೂ ಮಗ್ಗ, ಗಂಡನ ಮನಿದಾಗೂ ಮಗ್ಗ. ಗದಗದಾಗ ಪ್ರಿಂಟಿಂಗ್ ಪ್ರೆಸ್ಸಿಗೇನು ಬರ ಇಲ್ಲಲ್ಲ, ಅಂಥದ್ರಾಗ ಒಂದರಾಗ ಡಿಟಿಪಿ, ಅಂದ್ರ ಕಂಪ್ಯೂಟರಿನಾಗ ಅಕ್ಷರ ಜೋಡಿಸೋದು, ಮತ್ತ ಪ್ರೂಫ್ ನೋಡೋ ಕೆಲಸ. ಡಿಗ್ರಿ ಆಗಿ ಹದಿನಾಲ್ಕು ವರ್ಷದ ಮ್ಯಾಲ ದೂರಶಿಕ್ಷಣದ ಇಗ್ನೋ ಯೂನಿವರ್ಸಿಟಿದಾಗ ವಯಸ್ಕರ ಶಿಕ್ಷಣದ ಎಂಎ ಮಾಡ್ಯಾರ. ಇದರ ಜೋಡಿ ಕೇಂದ್ರ ಸರ್ಕಾರದ ನವಭಾರತ ಸಾಕ್ಷರತಾ ಕಾರ್ಯಕ್ರಮ ಅಂತ 2022ರಿಂದ 27ರ ತನಕ ನಡಿಯೋದು ಅದ, ಐದು ವರ್ಷದಾಗ 5 ಕೋಟಿ ಮಂದಿಗೆ ಅಕ್ಷರ ಕಲಿಸೋ ಗುರಿ ಇರೋದು, ಅದರಾಗ ಸ್ವಯಂಸೇವಕ ಬೋಧಕಿ. ಸ್ವಯಂಸೇವಕ ಅಂದಮ್ಯಾಲ ಪಗಾರ ಇಲ್ಲ. ರಾತ್ರಿ ಎಂಟಕ್ಕ ಓಣಿ ಗುಡಿ ಪೌಳಿದಾಗ ಹನ್ನೊಂದು ಮಂದಿ ಹೆಣ್ಣಮಕ್ಕಳಿಗೆ ಕ್ಲಾಸು, ಮಗ್ಗದ ಕಂಡಿಕಿಗೆ ನೂಲು ಸುತ್ತೋರು, ಮನಿಗೆಲಸದವ್ರು, ಒಬ್ರು ಬಳಿ ಅಂಗಡಿ ಕಾಕು.

ನೆಟ್ ಯಾಕ ಬರೀಬೇಕು ಅಂದ್ರ ಕಾರಣ ಸರಳ. ಪ್ರೆಸ್ಸಿನಾಗ ಕೆಲಸ ವರ್ಷಾ ವರ್ಷಾ ಕಡಿಮಿ ಆಗಾಕತ್ತಿತ್ತು, ಮಗಳು ಪಿಯುಸಿಗೆ ಬಂದಿದ್ಲು. ಸಂಶೋಧನಾ ಮಾಡೋರಿಗೆ ರೊಕ್ಕ ಕೊಡೋ ಜೆಆರ್‌ಎಫ್ ಫೆಲೋಶಿಪ್ಪಿಗೆ ವಯಸ್ಸಿನ ಮಿತಿ 30, ಹೆಣ್ಣಮಕ್ಕಳಿಗೆ ಐದು ವರ್ಷ ಸಡಿಲಿಕೆ ಹಿಡದ್ರೂ ದಾಟಿಬಿಟ್ಟಿತ್ತು. ಅಸಿಸ್ಟಂಟ್ ಪ್ರೊಫೆಸರ್ ಅರ್ಹತಾಕ್ಕ ಮಾತ್ರ ವಯಸ್ಸಿನ ಮಿತಿ ಇಲ್ಲ. ಅದೊಂದ ಬಾಗಿಲಾ ತಗದಿತ್ತು.

2023ರ ಡಿಸೆಂಬರದಾಗ ಒಮ್ಮೆ ಬರದಿದ್ರು. ಪೇಪರ್ ಒಂದರಾಗ 44, ಪೇಪರ್ ಎರಡರಾಗ, ಅಂದ್ರ ತಮ್ಮ ಸಬ್ಜೆಕ್ಟಿನಾಗ, 200ಕ್ಕ 92, ಒಟ್ಟು 300ಕ್ಕ 136. "ನೂರಕ್ಕ ನಲವತ್ತೈದರ ಮ್ಯಾಲ ಬಂದೈತಿ ಸರ್, ನಮ್ಮ ಕೆಟಗರಿಗೆ ಮೂವತ್ತೈದು ಬಂದ್ರ ಸಾಕಂತ ಇತ್ತು, ಮತ್ತ್ಯಾಕ ಪಾಸ್ ಇಲ್ಲ?" ಅಂತ ಕೇಳಿದ್ರು, ಪಾಪ ಎರಡು ದಿನ ಪಾಸ್ ಆಗೀನಿ ಅಂತನ ತಿಳಕೊಂಡು ಮನಿದಾಗ ಶಿರಾ ಮಾಡಿದ್ರಂತ. ಈ ತಪ್ಪು ತಿಳುವಳಿಕಿ ಭಾಳ ಮಂದಿಗೆ ಇರ್ತದ ಅದಕ್ಕ ಹೇಳ್ತೀನಿ, ಜನರಲ್‌ನವ್ರಿಗೆ 40, ಓಬಿಸಿ ಎಸ್‌ಸಿ ಎಸ್‌ಟಿಯವ್ರಿಗೆ 35 ಪರ್ಸೆಂಟ್ ಅನ್ನೋದು ಬರೇ ಹೊಚ್ಚಲ ದಾಟೋದು, ಅದಾದ ಮ್ಯಾಲ ಎರಡೂ ಪೇಪರ್ ಬರದವರ ಸಂಖ್ಯಾದಾಗ ನೂರಕ್ಕ ಆರು ಮಂದಿ ಲೆಕ್ಕದಾಗ ಸೀಟು ಹಂಚತಾರ, ಕಟಾಫ್ ಅಲ್ಲಿ ಕುಂತಿರ್ತದ.

ಮೊದಲನೇ ಕೆಲಸ ಅಂತ ಅವರ ರೆಸ್ಪಾನ್ಸ್ ಶೀಟ್ ಮತ್ತ ಕೀ ಆನ್ಸರ್ ಪ್ರಿಂಟ್ ತಗೊಂಡು ಕುಂತ್ವಿ. ಪೇಪರ್ ಎರಡರ 100 ಪ್ರಶ್ನೆದಾಗ 54 ತಪ್ಪು. ನನ್ನ ಅಂದಾಜಿಗೆ ಎಲ್ಲಾ ಇಂಗ್ಲಿಷಿನ ಪೆಟ್ಟು, ಯಾಕಂದ್ರ ಈ ಸಬ್ಜೆಕ್ಟಿನ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತ ಹಿಂದಿದಾಗ ಅಷ್ಟ ಬರ್ತದ, ಕನ್ನಡದಾಗ ಇಲ್ಲ. ಒಂದೊಂದಾಗಿ ಕೇಳ್ಕೋತ ಹೋದಂಗ ಮೂರು ಗುಂಪಿ ಆದುವು. ಇಸವಿ, ಹೆಸರು ನೆನಪಿಲ್ಲದ ತಪ್ಪಿದ್ದು 23. ಇಂಗ್ಲಿಷ್ ತಿಳೀಲಾರದ ಇಲ್ಲಾ ಟೈಮ್ ಸಾಲದ ಹೋಗಿದ್ದು 14. ಉಳದ 17 ಪ್ರಶ್ನೆ ಅವರಿಗೆ ಪೂರಾ ತಿಳದಿದ್ದುವು, ಟೈಮೂ ಇತ್ತು, ಧೈರ್ಯದಿಂದ ಟಿಕ್ ಮಾಡ್ಯಾರ, ಎಲ್ಲಾ ತಪ್ಪು. ಆ ಹದಿನೇಳರ ಮುಂದ ಇಬ್ರೂ ಭಾಳ ಹೊತ್ತು ಸುಮ್ನ ಕುಂತ್ವಿ.

ಏನಾಗಿತ್ತಂದ್ರ ಅವರು ಪುಸ್ತಕಕ್ಕ ಉತ್ತರ ಕೊಟ್ಟಿದ್ದಿಲ್ಲ, ಗುಡಿ ಪೌಳಿಗೆ ಉತ್ತರ ಕೊಟ್ಟಿದ್ರು. ಪೌಲೊ ಫ್ರೇರೆ ಅನ್ನೋ ಬ್ರೆಜಿಲ್ ದೇಶದ ಶಿಕ್ಷಣ ಚಿಂತಕ 'ಬ್ಯಾಂಕಿಂಗ್' ಶಿಕ್ಷಣ ಅಂತ ಬೈದದ್ದು ಯಾವುದನ್ನ ಅಂದ್ರ, ಮಾಸ್ತರ ರೊಕ್ಕ ತುಂಬಿದಂಗ ಹುಡುಗ್ರ ತಲಿಯಾಗ ಮಾಹಿತಿ ತುಂಬೋದು, ಹುಡುಗ್ರು ಬಾಯಿ ಮುಚ್ಚಿಕೊಂಡು ಇಟ್ಕೊಳ್ಳೋದು. ಅಕ್ಕಾರಿಗೆ ಬ್ಯಾಂಕ್ ಅಂದ್ರ ಸ್ವಸಹಾಯ ಸಂಘದ ಹೆಣ್ಣಮಕ್ಕಳು ಹೆಬ್ಬಟ್ಟು ಬಿಟ್ಟು ಸಹಿ ಮಾಡಿ ಹಣ ತಗಿಯೋ ಜಾಗಾ, ಅಂಥಾ ಒಳ್ಳೇದನ್ನ ಅಂವ ಯಾಕ ಬೈತಾನ ಅಂತ ಹಣಕಾಸು ಸಾಕ್ಷರತಾದ ಜೋಡಿ ಹೊಂದಿಸಿ ಬಿಟ್ಟಿದ್ರು. ಇನ್ನೊಂದು, ಸಾಕ್ಷರ ಅಂದ್ರ ಯಾರು? ಬಸ್ಸಿನ ಬೋರ್ಡ್ ಓದಿದ್ರ ಸಾಕ್ಷರ ಅಂತ ಅವರ ಅನುಭವ. ಜನಗಣತಿ ಲೆಕ್ಕದಾಗ 7 ವರ್ಷ ದಾಟಿದವ್ರು ಯಾವುದರೆ ಒಂದು ಭಾಷಾದಾಗ ಅರ್ಥ ಮಾಡ್ಕೊಂಡು ಓದಾಕೂ ಬರಬೇಕು, ಬರ್ಯಾಕೂ ಬರಬೇಕು, ಬರೇ ಓದೋರು ಸಾಕ್ಷರ ಅಲ್ಲ. "ಹಂಗಾದ್ರ ನಮ್ಮ ಕಾಕು ಸಾಕ್ಷರ ಅಲ್ಲೇನ್ರಿ? ದಿನಾ ಪಾಸ್‌ಬುಕ್ ಓದತಾಳ್ರಿ ಆಕಿ!" ಅಂತ ನನ್ನ ಜೋಡಿನ ವಾದಕ್ಕ ನಿಂತ್ರು.

ಇಲ್ಲಿ ನನ್ನ ತಪ್ಪು ಸುರು. ನಿಮ್ಮ ಅನುಭವ ಮನಿದಾಗ ಇಟ್ಟು ಬರ್ರಿ ಅಕ್ಕಾರ, ಪರೀಕ್ಷಾಕ್ಕ ಅದು ಬ್ಯಾಡ ಅಂದುಬಿಟ್ಟೆ. ಉಳದ ಹುಡುಗ್ರಿಗೆ ಹೇಳೋದೂ ಅದ, ಹಳೇ ಪೇಪರ್ ಬಿಡಸ್ರಿ, ಗೈಡ್ ಕಂಠಪಾಠ ಮಾಡ್ರಿ, ದಿನಾ 100 ಪ್ರಶ್ನೆ. ಒಂದೂವರಿ ತಿಂಗಳು ಮಾಡಿದ್ರು. ಮುಂಜಾನಿ ನಾಕೂವರಿಗೆ ಎದ್ದು ಆರಕ್ಕ ನೀರು ಬರೋ ತನಕ, ಆಮ್ಯಾಲ ಪ್ರೆಸ್ಸಿನಾಗ ಊಟದ ಟೈಮಿಗೆ. ಮಾರ್ಚ್ ಮೊದಲನೇ ವಾರ ಮಾಕ್ ಟೆಸ್ಟಿನಾಗ ಪೇಪರ್ ಎರಡಕ್ಕ 96 ಬಂದಿದ್ದು ಏಪ್ರಿಲ್ ಮೊದಲನೇ ವಾರ 90ಕ್ಕ ಇಳೀತು. ಗೈಡಿನಾಗ ತಪ್ಪು ಉತ್ತರ ಬ್ಯಾರೆ ಇದ್ದುವು, ಪ್ರೂಫ್ ನೋಡೋ ಕಣ್ಣಿಗೆ ಅವೇ ಮೊದಲ ಕಾಣೋದು, ಉತ್ತರ ಕಲಿಯೋದು ಬಿಟ್ಟು ಗೈಡಿನ ತಪ್ಪು ತಿದ್ದಿಕೋತ ಕುಂತಿರ್ತಿದ್ರು. ಏಪ್ರಿಲ್‌ದಾಗ ಎರಡು ರವಿವಾರ ಬರಲೇ ಇಲ್ಲ. ಬಿಟ್ಟ್ರು ಅನಕೊಂಡೆ, ಬಿಡೋರು ವರ್ಷಾ ಹತ್ತಾರು ಮಂದಿ ಇರ್ತಾರ.

ಅದ ತಿಂಗಳು ಸಂಬಂಧಿಕರ ಮದವಿಗಂತ ಗದಗಿಗೆ ಹೋಗಿದ್ದೆ. ಬಸ್ಸಿನಾಗ ಓದಾಕ ಏನೂ ಇಲ್ಲ ಅಂತ ಅಕ್ಕಾರು ಝೆರಾಕ್ಸ್ ಮಾಡಿಸಿ ಕೊಟ್ಟಿದ್ದ ಇಗ್ನೋ ಪುಸ್ತಕದ ಹಾಳಿ ತಗದ್ರ ಅದರಾಗ ಫ್ರೇರೆ ಅಕ್ಷರ ಕಲಿಸಿದ ಪದ್ಧತಿ ಇತ್ತು. 1963ರಾಗ ಆಂಜಿಕೋಸ್ ಅನ್ನೋ ಸಣ್ಣ ಊರಾಗ 300 ಮಂದಿ ದುಡಿಯೋ ಜನಕ್ಕ ಸುಮಾರು 40 ತಾಸಿನಾಗ ಓದಾಕ ಕಲಿಸ್ಯಾರ. ಅಆಇಈಯಿಂದ ಸುರು ಮಾಡಿಲ್ಲ, ಆ ಜನ ದಿನಾ ಆಡೋ ಮಾತಿನಾಗಿಂದ ಒಂದು ಶಬ್ದ ಆರಿಸಿ ಅದರ ಚಿತ್ರ ತೋರಿಸಿ ಮಾತಾಡಿಸಿ ಆಮ್ಯಾಲ ಒಡದು ತೋರಿಸೋದು. ಇಟ್ಟಂಗಿಗೆ ಅವರ ಪೋರ್ಚುಗೀಸ್ ಭಾಷಾದಾಗ 'ತಿಜೋಲೊ', ಅದನ್ನ ತಿ, ಜೋ, ಲೊ ಅಂತ ಒಡದು ತ ತೆ ತಿ ತೊ ತು, ಜ ಜೆ ಜಿ ಜೊ ಜು, ಲ ಲೆ ಲಿ ಲೊ ಲು ಅಂತ ಸಾಲಾಗಿ ಬರದು, ಇವುನ್ನ ಕೂಡಿಸಿ ನೀವ ಹೊಸ ಶಬ್ದ ಮಾಡ್ರಿ ಅನ್ನೋದು.

ರಾತ್ರಿ ಮದವಿಮನಿ ಊಟ ಮುಗಿಸಿ ಬೆಟಗೇರಿಗೆ ಹೋದೆ, ಕ್ಲಾಸರೆ ನೋಡೋಣು ಅಂತ. ಕಂಬಕ್ಕ ಕರಿಹಲಗಿ ಆನಿಸಿದ್ರು, ಒಂದ ಬಲ್ಬು. ಹಲಗಿ ಮ್ಯಾಲ 'ಮಗ' ಅಂತ ಒಂದು ಕಡೆ, 'ಮಗ್ಗ' ಅಂತ ಒಂದು ಕಡೆ, ಎಲ್ಲಾ ಹೆಣ್ಣಮಕ್ಕಳು ಹೊಟ್ಟಿ ಹಿಡ್ಕೊಂಡು ನಗಾಕತ್ತಿದ್ರು. ಸುದ್ದಿ ಏನಂದ್ರ ಕಂಡಿಕಿ ಸುತ್ತೋ ಅಮ್ಮಾರೊಬ್ರು, 52 ವಯಸ್ಸಿನವ್ರು, ತಮ್ಮ ಮನಿ ಬಗ್ಗೆ ಎರಡು ಸಾಲು ಬರಕೊಂಡು ಬಂದಿದ್ರು, "ನಮ್ಮ ಮಗ ಹಳೇದು ಆಗಿದೆ, ಮಾರಬೇಕು" ಅಂತ. ಅಮ್ಮಾರು ಮಗ್ಗ ಬರ್ಯಾಕ ಹೋಗಿದ್ರು, ಒತ್ತು ಬಿಟ್ಟಿತ್ತು. "ಒಂದ ಒತ್ತಿಗೆ ಮಗನ್ನ ಮಾರಾಕ ನಿಂತಿದ್ದಿಯಲ್ಲಬೇ!" ಅಂತ ಬಳಿ ಕಾಕು. ಆ ಅಮ್ಮಾರೂ ನಕ್ಕು ತಾವ ಎದ್ದು ಬಂದು ಹಲಗಿ ಮ್ಯಾಲ ಗ ಕೆಳಗ ಒತ್ತು ಕೊಟ್ರು. ಸುಣ್ಣದ ಕಡ್ಡಿ ಎರಡು ಸಲ ಮುರೀತು, ಮೂರನೇ ಸಲಕ್ಕ ಬಂತು. ಆ ಓಣಿದಾಗ ಒತ್ತಕ್ಷರ ಇನ್ನ ಯಾರೂ ಮರಿಯೋದಿಲ್ಲ ಬಿಡ್ರಿ.

ಕ್ಲಾಸ್ ಬಿಟ್ಟ ಮ್ಯಾಲ ಚಾ ಕುಡಕೋತ ತಿಜೋಲೊ ಕಥಿ ಹೇಳಿದೆ. ಅಕ್ಕಾರು ಅರ್ಧಕ್ಕ ತಡದ್ರು. "ಸರ್, ಇದು ನಮ್ಮ ಕಾಗುಣಿತನ ಅಲ್ಲೇನ್ರಿ?" ಹೌದಲ್ಲ! ನಾಕು ಸಲ ಓದಿದ್ರಂತ ಆ ಪಾಠ, ಇಂಗ್ಲಿಷಿನಾಗ ಇದ್ದಾಗ ಅದು ಕಾಗುಣಿತ ಅಂತ ಹೊಳದಿದ್ದಿಲ್ಲ. ಆಮ್ಯಾಲ ಅವರ ಮಾತು ನಿಲ್ಲಲಿಲ್ಲ. ಪ್ರೈಮರ್‌ನಾಗ, ಅಂದ್ರ ಅಕ್ಷರ ಕಲಿಸೋ ಪುಸ್ತಕದಾಗ, ಏನರೆ ಇರ್ಲಿ, ಅವರು ಮೊದಲನೇ ದಿನ ಕಲಿಸೋ ಶಬ್ದ 'ಗದಗ', ಯಾಕಂದ್ರ ಕೊಂಬಿಲ್ಲ, ದೀರ್ಘ ಇಲ್ಲ, ಎರಡ ಅಕ್ಷರ ಕಲತ್ರ ಇಡೀ ಊರ ಹೆಸರು ಬರ್ತದ, ಹಿಂದಿನಿಂದ ಓದಿದ್ರೂ ತಪ್ಪಾಗೋದಿಲ್ಲ. ಎರಡನೇ ದಿನ ರ ಸೇರಿಸಿದ್ರ 'ಗರಗ', ಧಾರವಾಡದ ಹತ್ರ ರಾಷ್ಟ್ರಧ್ವಜದ ಖಾದಿ ನೇಯೋ ಊರು, ನೇಕಾರರ ಓಣಿದಾಗ ಅದರ ಮ್ಯಾಲ ಅರ್ಧ ತಾಸು ಮಾತಾಡಬಹುದು. ಆಮ್ಯಾಲ ರೋಣ, ನರಗುಂದ, ಮುಂಡರಗಿ. 'ಹುಬ್ಬಳ್ಳಿ' ಎರಡು ಒತ್ತಿನ ಊರು, ಅದು ಮೂರನೇ ತಿಂಗಳಿಗೆ. 'ಲಕ್ಷ್ಮೇಶ್ವರ' ಎಲ್ಲಾಕಿಂತ ಕಡೀಕ, ಅದು ಬಂದವ್ರು ಪಾಸು. ಪಠ್ಯದಾಗ ಜನರೇಟಿವ್ ವರ್ಡ್ಸ್ ಅಂತ ಇರೋದು ಇದ, ಪುಸ್ತಕ ತಗಿಯೋಕಿಂತ ಮೊದಲ ಅವರು ಮಾಡಾಕತ್ತಿದ್ರು.

ಫ್ರೇರೆ ಹೇಳಿದ್ದನ್ನೆಲ್ಲಾ ಒಪ್ಪಿಕೊಂಡ್ರು ಅಂತಲ್ಲ. "ನಲವತ್ತು ತಾಸು ಅವರಿಗೆ ಸಾಕಾಗಿರಬೇಕ್ರಿ, ಅವರಿಗೆ ಐದ ಸ್ವರ. ನಮ್ಮ ಕಾಕುಗೆ ನಲವತ್ತು ತಾಸಿನಾಗ ಬರೇ ಒತ್ತಕ್ಷರಾನೂ ಆಗೂದಿಲ್ಲ" ಅಂದ್ರು. ನನಗೂ ಖರೇ ಅನಸ್ತು. ನಮ್ಮ ದೇಶದ ಸಾಕ್ಷರತಾ ಮಿಶನ್ ಕಲಿಕೆಯ ವೇಗ, ವಿಷಯ ಸುಧಾರಿಸಾಕ ತಂದ ಐಪಿಸಿಎಲ್ ಪದ್ಧತಿದಾಗ ಮೂರು ಪ್ರೈಮರು, 200 ತಾಸು ಇಟ್ಟಿದ್ರು, ಆ ಲೆಕ್ಕ ನಮ್ಮ ಲಿಪಿಗೆ ಹೆಚ್ಚು ಹೊಂದತದ.

ಆ ರಾತ್ರಿ ನಾ ಕೊಟ್ಟಿದ್ದ ಸಲಹಾ ವಾಪಸ್ ತಗೊಂಡೆ. ಅನುಭವ ಬಿಡಬ್ಯಾಡ್ರಿ, ಅದರ ಮ್ಯಾಲ ಪುಸ್ತಕದ ಶಬ್ದದ ಚೀಟಿ ಅಂಟಿಸ್ರಿ ಅಂದೆ. ಅಕ್ಕಾರು ಪ್ರೆಸ್ಸಿನಾಗ ಉಳದ ಕಾಗದದ ತುಂಡು ಹೊಲಿಸಿ ಒಂದು ನೋಟ್‌ಬುಕ್ ಮಾಡ್ಕೊಂಡ್ರು. ಎಡಕ್ಕ ಇಂಗ್ಲಿಷ್ ಶಬ್ದ, ಬಲಕ್ಕ ಕನ್ನಡದಾಗ ಅರ್ಥ, ಕೆಳಗ ಗುಡಿ ಪೌಳಿದಾಗಿನ ಒಬ್ರ ಗುರುತು. 'ರಿಲ್ಯಾಪ್ಸ್' ಅಂದ್ರ ಕಲತದ್ದು ಮರತು ಮತ್ತ ಅನಕ್ಷರಸ್ಥ ಆಗೋದು, ಕೆಳಗ: ಮನಿಗೆಲಸದ ಅಕ್ಕ, ಹೆರಿಗಿಗೆ ತವರಮನಿಗೆ ಹೋಗಿ ಬಂದ ಮ್ಯಾಲ ಸಹಿ ಬಿಟ್ಟು ಏನೂ ನೆನಪಿಲ್ಲ. 'ಪೋಸ್ಟ್ ಲಿಟರಸಿ' ಅಂದ್ರ ಹಂಗ ಮರೀಬಾರದು ಅಂತ ಮಾಡೋ ಮುಂದಿನ ಓದು. ಮಾಲ್ಕಮ್ ನೋಲ್ಸ್ ಅನ್ನೋ ಅಮೆರಿಕಾದವನ ಆಂಡ್ರಗಾಗಿದಾಗ 'ರೆಡಿನೆಸ್ ಟು ಲರ್ನ್' ಅಂತ ಒಂದು ಬರ್ತದ, ದೊಡ್ಡವ್ರು ಯಾವಾಗ ಬೇಕೋ ಆವಾಗ ಕಲಿಯೋದಿಲ್ಲ, ಬದುಕಿನಾಗ ಅದರ ಗರಜು ಬಂದಾಗ ಕಲೀತಾರ ಅಂತ. ಅದರ ಕೆಳಗ ಅಕ್ಕಾರು ಬರದದ್ದು 'ಶಕ್ತಿ ಬಸ್ಸು'. 2023ರ ಜೂನ್ 11ಕ್ಕ ಹೆಣ್ಣಮಕ್ಕಳಿಗೆ ಬಸ್ಸು ಫ್ರೀ ಆತು ನೋಡ್ರಿ, ಅಲ್ಲಿ ತನಕ ಗಂಡನ ಬೆನ್ನ ಹಿಂದ ಹೋಗೋರು ತಾವ ಒಬ್ರ ಹೋಗಾಕತ್ರು, ಬೋರ್ಡ್ ಓದಾಕ ಬರಬೇಕಲ್ಲ? ಅವರ ಕ್ಲಾಸಿಗೆ ಐದು ಮಂದಿ ಹೊಸಬ್ರು ಬಂದದ್ದು ಆಗ. ಗೃಹಲಕ್ಷ್ಮಿ 2000 ರೂಪಾಯಿ ಸುರು ಆದ ಮ್ಯಾಲ ಪಾಸ್‌ಬುಕ್ ಓದಾಕಂತ ಮತ್ತಿಬ್ರು. ಇಷ್ಟು ನೆನಪಿದ್ದವ್ರಿಗೆ ರೆಡಿನೆಸ್ ಪ್ರಶ್ನೆ ಹೆಂಗ ತಿರುಗಿಸಿ ಕೇಳಿದ್ರೂ ತಪ್ಪೋದಿಲ್ಲ.

ಹದಿನೇಳರ ಗುಂಪಿ ಹಿಂಗ ಕರಗಿತು. ಆದ್ರ ಒಂದು ಎಚ್ಚರಿಕಿ ಇಟ್ಕೊಂಡ್ವಿ, ಪ್ರಶ್ನೆದಾಗ ಒಬ್ಬನ ಹೆಸರು, ಇಲ್ಲಾ ಜನಗಣತಿ, ಇಲ್ಲಾ ಒಂದು ಯೋಜನಾದ ಹೆಸರು ಇದ್ರ ಅವರು ಏನಂದ್ರು ಅನ್ನೋದಷ್ಟ ಬರಿಯೋದು, ನಮ್ಮ ಕಾಕು ಏನಂತಾಳ ಅನ್ನೋದಲ್ಲ. "ಕಾಕುನ ಹೊರಗ ನಿಂದರಸಬೇಕು" ಅಂತ ಅದಕ್ಕ ಹೆಸರಿಟ್ಟಿದ್ರು ಅಕ್ಕಾರು.

ಇಸವಿಗಳ ಗುಂಪಿ ದೊಡ್ಡದು, 23. ಈ ಸಬ್ಜೆಕ್ಟಿನಾಗ ಸಮ್ಮೇಳನ, ಯೋಜನಾ, ವರದಿ ಇವುನ್ನ ಕಾಲಕ್ರಮಕ್ಕ ಹಚ್ಚು ಅನ್ನೋ ನಮೂನಿ ಪ್ರಶ್ನೆ ಭಾಳ. ಯುನೆಸ್ಕೊದ ವಯಸ್ಕರ ಶಿಕ್ಷಣ ಜಾಗತಿಕ ಸಮ್ಮೇಳನನ ನೋಡ್ರಿ, 1949 ಎಲ್ಸಿನೋರ್, 1960 ಮಾಂಟ್ರಿಯಲ್, 1972 ಟೋಕಿಯೊ, 1985 ಪ್ಯಾರಿಸ್, 1997 ಹ್ಯಾಂಬರ್ಗ್, 2009 ಬೆಲೆಮ್, 2022 ಮರಾಕೆಶ್. ನಾ ಅಕ್ಷರ ಜೋಡಿಸಿ ಸೂತ್ರ ಮಾಡಿ ಕೊಟ್ಟಿದ್ದೆ, ಒಂದು ವಾರಕ್ಕ ಮರತ್ರು. ಅವರು ಮಾಡಿದ್ದ ಬ್ಯಾರೆ. ಮೊದಲ ಗಮನಿಸಿದ್ದು ಹನ್ನೊಂದು ಹನ್ನೆರಡು ಹದಿಮೂರು ವರ್ಷಕ್ಕೊಮ್ಮೆ ಬರ್ತಾವ ಅಂತ, ಕುಂಭಮೇಳ ಇದ್ದಂಗ, ಒಂದು ನೆನಪಾದ್ರ ಮುಂದಿಂದು ಎಣಿಸಬಹುದು. ಆಮ್ಯಾಲ ಮನಿ ವರ್ಷಕ್ಕ ಗಂಟು ಹಾಕಿದ್ರು. 1997ರಾಗ ಧಾರವಾಡ ಜಿಲ್ಲಾ ಒಡದು ಗದಗ, ಹಾವೇರಿ ಬ್ಯಾರೆ ಜಿಲ್ಲಾ ಆದ್ವು, ಹ್ಯಾಂಬರ್ಗ್ ಅಂದ್ರ ಗದಗ ಜಿಲ್ಲಾ. ಫ್ರೇರೆ ತೀರಿಕೊಂಡದ್ದೂ ಅದ ವರ್ಷ. 1985 ಅವರು ಹುಟ್ಟಿದ್ದು, ಹಿಂಗಾಗಿ "ನಾ ಪ್ಯಾರಿಸ್‌ದಾಗ ಹುಟ್ಟೀನ್ರಿ". 1972 ಅವರಪ್ಪ ದಿನಾ ಹೇಳ್ತಿದ್ದ ಬರದ ವರ್ಷ. 2009 ನಮ್ಮ ಕಡೆ ದೊಡ್ಡ ನೆರಿ ಬಂದಿದ್ದು, ಸಾಕ್ಷರ ಭಾರತ ಯೋಜನಾ ಸುರು ಆಗಿದ್ದೂ ಆ ವರ್ಷದ ಸೆಪ್ಟೆಂಬರ್ 8ಕ್ಕ, ಅದು ಅಂತರರಾಷ್ಟ್ರೀಯ ಸಾಕ್ಷರತಾ ದಿನ. 2022 ಅವರ ಕ್ಲಾಸ್ ಸುರು ಆದದ್ದು.

ದೇಶದ ಯೋಜನಾಗಳಿಗೆ ಇನ್ನೊಂದು ದಾರಿ ಹಿಡದ್ರು, ಅದು ನನಗೆ ಭಾಳ ಸೇರಿತು. 1978ರ ಅಕ್ಟೋಬರ್ 2ಕ್ಕ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು, 15ರಿಂದ 35 ವಯಸ್ಸಿನ 10 ಕೋಟಿ ಮಂದಿ ಅದರ ಗುರಿ. 1988ರಾಗ ರಾಷ್ಟ್ರೀಯ ಸಾಕ್ಷರತಾ ಮಿಶನ್, ಅದಕ್ಕೂ 15ರಿಂದ 35. ಈಗಿನ ಯೋಜನಾಕ್ಕ 15ರ ಮ್ಯಾಲ ಎಲ್ಲಾರೂ, ಮ್ಯಾಲಿನ ಮಿತಿ ಇಲ್ಲ. ಪ್ರತಿಯೊಂದು ಯೋಜನಾ ಓದಿದಾಗೂ ಅಕ್ಕಾರು ಕೇಳ್ಕೊಳ್ಳೋ ಪ್ರಶ್ನೆ ಒಂದ: ಮಗ್ಗದ ಅಮ್ಮಾರಿಗೆ ಇದರಾಗ ಜಾಗಾ ಇತ್ತೋ ಇಲ್ಲೋ? 52ರ ಅಮ್ಮಾರು 1978ರಾಗ ಆರು ವರ್ಷದ ಹುಡುಗಿ, 1988ರಾಗ ಹದಿನಾರು, ಆಗ ಮಿಶನ್ನಿನ ವಯಸ್ಸಿನಾಗ ಬರ್ತಿದ್ರು, ಆದ್ರ ಆ ವರ್ಷನ ಮದವಿ ಆಗಿ ಬೆಟಗೇರಿಗೆ ಬಂದು ಕಂಡಿಕಿ ಮುಂದ ಕುಂತ್ರು, ಮುಂದ 2007ಕ್ಕ 35 ದಾಟಿತು. ಒಬ್ಬ ಅಮ್ಮನ ವಯಸ್ಸು ಹಿಡಕೊಂಡು ನಲವತ್ತೈದು ವರ್ಷದ ಪಾಲಿಸಿ ಇತಿಹಾಸ ಹೇಳಿಬಿಡ್ತಿದ್ರು. ಇನ್ನೂ ಒಂದು ತಮಾಷಿ, ಹೊಸ ಯೋಜನಾದಾಗ ಸರ್ಕಾರ 'ವಯಸ್ಕರ ಶಿಕ್ಷಣ' ಅನ್ನೋ ಹೆಸರು ಬಿಟ್ಟು 'ಎಲ್ಲರಿಗೂ ಶಿಕ್ಷಣ' ಅಂತ ಮಾಡ್ಯದ, ನೆಟ್ಟಿನಾಗ ಮಾತ್ರ ಹಳೇ ಹೆಸರ ಉಳದದ.

ಇಂಗ್ಲಿಷಿನ ಹದಿನಾಲ್ಕರ ಬಗ್ಗೆ ಭಾಳ ಹೇಳೋದಿಲ್ಲ. ದಿನಾ ಒಂದು ಪುಟ ಜೋರಾಗಿ ಓದೋದು, ಅಷ್ಟ. ಅದರಕಿಂತ ಟೈಮಿನ ಪೆಟ್ಟು ದೊಡ್ಡದಿತ್ತು, 150 ಪ್ರಶ್ನೆಕ್ಕ ನಡುವ ಬಿಡುವಿಲ್ಲದ ಮೂರು ತಾಸು, ಮೊದಲನೇ ಸಲ ಪೇಪರ್ ಒಂದರ ಗಣಿತ, ತರ್ಕದಾಗ 80 ನಿಮಿಷ ಕಳಕೊಂಡಿದ್ರು. ಪೇಪರ್ ಎರಡನ್ನ ಮೊದಲ ಮಾಡ್ರಿ, ಗಣಿತ ಕಡೀಕ ಇಡ್ರಿ, ತಪ್ಪಿಗೆ ಮೈನಸ್ ಇಲ್ಲ ಯಾವುದೂ ಖಾಲಿ ಬಿಡಬ್ಯಾಡ್ರಿ ಅಂದೆ. ನಾ ಕೊಟ್ಟ ಸಲಹಾದಾಗ ತಿದ್ದುಪಡಿ ಇಲ್ಲದ ನಡದದ್ದು ಇದೊಂದ.

ಜೂನ್ 18, 2024. ಆ ಸಲ ಕಂಪ್ಯೂಟರ್ ಇಲ್ಲ, ದೇಶದಾಗೆಲ್ಲಾ ಒಂದ ದಿನ, ಓಎಂಆರ್ ಶೀಟು. ಹುಬ್ಬಳ್ಳಿಗೆ ಬಂದು ಬರದು ಹೋದ್ರು, ಭಾಳ ಚಲೋ ಆಗೇತಿ ಸರ್ ಅಂತ ಫೋನ್ ಮಾಡಿದ್ರು. ಮರುದಿನ ರಾತ್ರಿ ಇಡೀ ಪರೀಕ್ಷಾನ ರದ್ದು ಅಂತ ಸುದ್ದಿ. ನನಗೆ ಫೋನ್ ಮಾಡೋ ಧೈರ್ಯ ಆಗಲಿಲ್ಲ, ಎರಡು ದಿನ ಬಿಟ್ಟು ಮಾಡಿದೆ. ಕ್ಲಾಸಿನ ಹೆಣ್ಣಮಕ್ಕಳಿಗೂ ಆಗ ಪರೀಕ್ಷಾ ತಯಾರಿ ನಡದಿತ್ತು, ಓದೋದಕ್ಕ 50, ಬರಿಯೋದಕ್ಕ 50, ಲೆಕ್ಕಕ್ಕ 50, ಒಟ್ಟು 150. ಅಕ್ಕಾರು ಮೂರು ದಿನ ಕ್ಲಾಸಿಗೇ ಹೋಗಿದ್ದಿಲ್ಲಂತ, ನಾಕನೇ ದಿನ ಮಗ್ಗದ ಅಮ್ಮಾರು ಪಾಟಿ ಹಿಡ್ಕೊಂಡು ಮನಿ ಕಟ್ಟಿಗೇ ಬಂದು ಕುಂತ್ರು. "ಯವ್ವಾ, ನಮಗ ಅಳಿಸಿ ಮತ್ತ ಬರಿ ಅಂತಿದ್ದಿ, ಈಗ ನಿಂದ ಅಳಿಸ್ಯಾರ, ನೀನೂ ಬರಿ."

ಮರುಪರೀಕ್ಷಾ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರ ತನಕ, ಸಬ್ಜೆಕ್ಟಿಗೊಂದು ದಿನ, ಮತ್ತ ಕಂಪ್ಯೂಟರ್ ಮ್ಯಾಲ. ನಡುವ ಎರಡು ತಿಂಗಳು ಹೆಚ್ಚು ಸಿಕ್ಕಿದ್ದು ಲಾಭ ಅಂತ ನಾ ಅಂದೆ, ಅವರು ಒಪ್ಪಲಿಲ್ಲ, ಪಂಚಮಿ, ಶ್ರಾವಣ ಬಂದು ಪ್ರೆಸ್ಸಿನಾಗ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕಿ ಕೆಲಸ ಹೆಚ್ಚಾಗಿ ಓದಾಕ ಟೈಮ ಇರಲಿಲ್ಲಂತ. ಅಕ್ಟೋಬರದಾಗ ರಿಸಲ್ಟು: ಪೇಪರ್ ಒಂದು 54, ಪೇಪರ್ ಎರಡು 112, ಒಟ್ಟು 166. ಅಸಿಸ್ಟಂಟ್ ಪ್ರೊಫೆಸರ್ ಕಟಾಫ್ ಸಿಗಲಿಲ್ಲ. ಆದ್ರ ಆ ಸಲದಿಂದ ಹೊಸದಾಗಿ ಮೂರನೇ ಕೆಟಗರಿ ಮಾಡಿದ್ರು, ಪಿಎಚ್‌ಡಿ ಪ್ರವೇಶಕ್ಕ ಮಾತ್ರ ಅಂತ, ಅದರಾಗ ಬಂದ್ರು. ಈ ಕೆಟಗರಿದಾಗ ನೆಟ್ ಮಾರ್ಕ್ಸಿಗೆ 70, ಇಂಟರ್‌ವ್ಯೂಗೆ 30 ತೂಕ, ಮತ್ತ ಈ ಸ್ಕೋರ್ ನಡಿಯೋದು ಒಂದ ವರ್ಷ.

ಹಾಳಿ ಮತ್ತೊಮ್ಮೆ ಹರಡಿಕೊಂಡು ಕುಂತ್ವಿ. ಪೇಪರ್ ಎರಡರಾಗ 44 ತಪ್ಪು. ಅನುಭವದಿಂದ ತಪ್ಪಿದ್ದು 17 ಇದ್ದದ್ದು 4ಕ್ಕ ಬಂದಿತ್ತು, ಇಸವಿ, ಹೆಸರಿನವು 23 ಇದ್ದದ್ದು 14. ಉಳದ 26 ಎಲ್ಲಾ ಸಂಶೋಧನಾ ವಿಧಾನ, ಆಡಳಿತ, ಮೌಲ್ಯಮಾಪನದ ಮಾದರಿ, ಅಂದ್ರ ಗುಡಿ ಪೌಳಿದಾಗ ಯಾವ ಗುರುತೂ ಸಿಗಲಾರದ ಪಾಠಗಳು. ನೋಟ್‌ಬುಕ್ ತಗದು ನೋಡಿದ್ರ ಅಲ್ಲಿ ಕೆಳಗ ಗುರುತಿನ ಜಾಗಾ ಖಾಲಿ. ಮೊದಲನೇ ಸಲ ಇವುದರಾಗ ಕೆಲವು ಅಂದಾಜಿನಾಗ ಸರಿ ಬಿದ್ದಿದ್ದುವು, ಅದಕ್ಕ ಆಗ ಗೊತ್ತಾಗಿದ್ದಿಲ್ಲ. ಇದು ನಮ್ಮ ಪದ್ಧತಿಯ ಮಿತಿ, ಮುಚ್ಚಿಡೋದರಾಗ ಅರ್ಥ ಇಲ್ಲ. ಅನುಭವ ಇರೋ ಕಡೆ ಅದು ಎಷ್ಟು ಎತ್ತಿ ಹಿಡೀತದೋ ಇಲ್ಲದ ಕಡೆ ಅಷ್ಟ ಕೈ ಬಿಡ್ತದ, ಆ ಯುನಿಟ್ಟುಗಳನ್ನ ಮೇ ತಿಂಗಳದಾಗನ ಬ್ಯಾರೆ ತಗದು ಹುಡುಗ್ರಂಗ ಸುಮ್ನ ಕುಂತು ಓದಸಬೇಕಿತ್ತು. ನನಗ ತಿಜೋಲೊದ ಗುಂಗು ಹಿಡದಿತ್ತು.

ಪಿಎಚ್‌ಡಿಗೆ ಗೈಡ್ ಹುಡುಕೋದು ನಡದದ, ಆ ವಿಷಯದವ್ರು ಸಿಗೋದು ತ್ರಾಸ. 2024ರ ಡಿಸೆಂಬರ್ ಸೈಕಲ್ಲಿನ ನೆಟ್ ಫಾರ್ಮೂ ತುಂಬ್ಯಾರ, ಸೆಂಟರ್ ಹುಬ್ಬಳ್ಳಿನ ಹಾಕ್ಯಾರ. ಸಂಶೋಧನಾ ವಿಧಾನಕ್ಕ ಈಗ ದಿನಾ ಒಂದು ತಾಸು, ನೋಟ್‌ಬುಕ್ ಮುಚ್ಚಿಟ್ಟು. ಮಗ್ಗದ ಅಮ್ಮಾರು ಹುಬ್ಬಳ್ಳಿ ಬರೀತಾರ, ಲಕ್ಷ್ಮೇಶ್ವರ ಇನ್ನೂ ಬಂದಿಲ್ಲ.

ಇಷ್ಟು ಬರದು ಮೊನ್ನೆ ಅಕ್ಕಾರಿಗೆ ಕಳಿಸಿದ್ದೆ, ಹಾಕಲೇನ್ರಿ ಅಂತ ಕೇಳಾಕ. ಹಾಕ್ರಿ ಅಂದಾರ, ಜೋಡಿಗೆ ಪ್ರೂಫ್ ನೋಡಿ ಹನ್ನೊಂದು ತಪ್ಪಿಗೆ ಕೆಂಪು ಹಚ್ಚಿ ಕಳಿಸ್ಯಾರ. ಆರನೇದು ನೋಡಿ ನಾ ಒಬ್ಬವನ ನಕ್ಕೆ, "ತವರಮನಿದಾಗೂ ಮಗ, ಗಂಡನ ಮನಿದಾಗೂ ಮಗ" ಅಂತ ಹೊಡದಿದ್ದೆ.